ಬೂಷ್ಟಿಗೆ ಒಂದು ಜೀನಿನ ಮದ್ದಿಲ್ಲ

ಮೆಕ್ಕೆಜೋಳದ ತೆನೆ ಕೊಳೆಯುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ತೀರುತ್ತಾರೆ: ‘ಅದಕ್ಕೊಂದು ಜೀನ್ ಇರುತ್ತೆ, ಹುಡುಕಿ ಸೇರಿಸಿಬಿಟ್ಟರೆ ಬೂಷ್ಟು ಹತ್ತಿರವೂ ಸುಳಿಯಲ್ಲ.’ ಹೇಳುವವರ ಧೈರ್ಯ ಕಂಡರೆ, ತಳಿ ವಿಜ್ಞಾನಿಗಳೆಲ್ಲ ಇಷ್ಟು ವರ್ಷ ಕೈಕಟ್ಟಿ ಕೂತಿದ್ದರೇನೋ ಅನ್ನಿಸಬೇಕು.

ನಂಬಿಕೆ ಪೂರ್ತಿ ಬುಡವಿಲ್ಲದ್ದೇನೂ ಅಲ್ಲ. 1992ರಲ್ಲಿ ಗುರ್ಮುಖ್ ಜೋಹಲ್ ಮತ್ತು ಸ್ಟೀವನ್ ಬ್ರಿಗ್ಸ್ ಮೆಕ್ಕೆಜೋಳದ ಎಚ್ಎಮ್1 ಎಂಬ ಜೀನನ್ನು ಬೇರ್ಪಡಿಸಿ ತೋರಿಸಿದರು. ಸಸ್ಯಲೋಕದಲ್ಲಿ ಹಾಗೆ ಕೈಗೆ ಸಿಕ್ಕ ಮೊದಲ ರೋಗ ನಿರೋಧಕ ಜೀನ್ ಅದು. ಎಲೆ ಒಣಗಿಸಿ, ತೆನೆಯನ್ನು ಸುಟ್ಟಂತೆ ಕಪ್ಪಾಗಿಸುವ ಕಾಕ್ಲಿಯೋಬೋಲಸ್ ಕಾರ್ಬೋನಮ್ ಶಿಲೀಂಧ್ರ ಒಂದು ನಿರ್ದಿಷ್ಟ ವಿಷ ಸುರಿಸುತ್ತದೆ. ಎಚ್ಎಮ್1 ತಯಾರಿಸುವ ಕಿಣ್ವ ಆ ವಿಷದ ಹಲ್ಲು ಕೀಳುತ್ತದೆ. ಒಂದು ಶಿಲೀಂಧ್ರ, ಒಂದು ವಿಷ, ಒಂದು ಜೀನ್. ಕಥೆ ಚೆನ್ನಾಗಿದೆ, ಆದರೆ ಉಳಿದ ತೆನೆ ಕೊಳೆ ರೋಗಗಳಿಗೆ ಅನ್ವಯಿಸುವುದಿಲ್ಲ.

ಫ್ಯುಸೇರಿಯಮ್ ವರ್ಟಿಸಿಲಿಯಾಯ್ಡಿಸ್ ಮತ್ತು ಆಸ್ಪರ್ಜಿಲಸ್ ಫ್ಲೇವಸ್ ಶಿಲೀಂಧ್ರಗಳು ತಗಲಲಾರದ ಮೆಕ್ಕೆಜೋಳ ಇಂದಿಗೂ ಸಿಕ್ಕಿಲ್ಲ. ಹೆಚ್ಚು ಕೊಳೆಯುವವು, ಕಡಿಮೆ ಕೊಳೆಯುವವು ಇವೆ, ಅಷ್ಟೇ. ತೆನೆಯ ಸಿಪ್ಪೆ ಎಷ್ಟು ಬಿಗಿ, ಕಾಳಿನ ಹೊರಪದರ ಎಷ್ಟು ದಪ್ಪ, ತೆನೆ ಎಷ್ಟು ಬೇಗ ಒಣಗುತ್ತದೆ ಎಂಬುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇವುಗಳ ಹಿಂದೆ ಹತ್ತಾರು ಜೀನ್‌ಗಳು, ಒಂದೊಂದರದೂ ಚೂರುಪಾರು ಕೊಡುಗೆ. ಪರೀಕ್ಷಿಸುವವರು ಶಿಲೀಂಧ್ರದ ಬೀಜಕಣಗಳನ್ನು ತೆನೆತುದಿಯ ರೇಷ್ಮೆ ಎಳೆಗಳ ದಾರಿಯಲ್ಲಿ ಸಿರಿಂಜಿನಿಂದ ಬಿಡುತ್ತಾರೆ, ಇಲ್ಲವೇ ಕಾಳಿಗೇ ಚುಚ್ಚುತ್ತಾರೆ. ಮೊದಲ ದಾರಿಯಲ್ಲಿ ಗೆದ್ದ ತಳಿ ಎರಡನೆಯದರಲ್ಲಿ ಸೋಲಬಹುದು. ಈ ವರ್ಷ ಗೆದ್ದದ್ದು ಮುಂದಿನ ವರ್ಷದ ಹವೆಗೆ ಮಣಿಯಬಹುದು. ಹಾಗಾಗಿ ಹಲವು ಊರು, ಹಲವು ಹಂಗಾಮು ನೋಡದೆ ಯಾವ ತಳಿಯನ್ನೂ ಹೊಗಳುವಂತಿಲ್ಲ.

ಅಷ್ಟೆಲ್ಲ ಮಾಡಿದ ಮೇಲೂ ದಾರಿ ಸಲೀಸಲ್ಲ. ಅಮೆರಿಕದ ಮಿಸಿಸಿಪ್ಪಿಯಲ್ಲಿ 1990ರಲ್ಲಿ ಬಿಡುಗಡೆಯಾದ ಎಮ್‌ಪಿ313ಇ ತಳಿ ಆಸ್ಪರ್ಜಿಲಸ್ ಸುರಿಸುವ ಅಫ್ಲಾಟಾಕ್ಸಿನ್ ವಿಷವನ್ನು ತಡೆಯುವುದರಲ್ಲಿ ಹೆಸರು ಮಾಡಿತು, ಆದರೆ ಎತ್ತರ ಬೆಳೆದು ತಡವಾಗಿ ಮಾಗುವ ಗುಣವೂ ಜೊತೆಗಿತ್ತು. ಅದರ ತಾಳಿಕೆ ಉಳಿಸಿಕೊಂಡು ಈ ಗುಣವನ್ನು ಕಳಚುವುದಕ್ಕೆ ತಲೆಮಾರುಗಟ್ಟಲೆ ಸಂಕರ ಬೇಕು. ನೈಜೀರಿಯಾದ ಇಬಾದಾನ್‌ನ ಕೃಷಿ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಕೃಷಿ ವಿಜ್ಞಾನಿಗಳು ಸೇರಿ 2008ರಲ್ಲಿ ಕೊಟ್ಟ ಆರು ತಳಿಗಳ ಭರವಸೆಯೂ ‘ಕಡಿಮೆ ವಿಷ’ ಎಂದೇ, ‘ವಿಷವಿಲ್ಲ’ ಎಂದಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಕಾಳು ಹೊಳೆಯುತ್ತಿದ್ದರೆ ಶುದ್ಧವೇ? ಫ್ಯುಸೇರಿಯಮ್ ಯಾವ ಗುರುತೂ ತೋರದೆ ಕಾಳಿನೊಳಗೆ ಬದುಕಬಲ್ಲದು. ಬೇಯಿಸಿದರೆ ವಿಷ ಸಾಯುತ್ತದೆಯೇ? ಅಡುಗೆಯ ಬಿಸಿಗೆ ಅಫ್ಲಾಟಾಕ್ಸಿನ್ ಬಗ್ಗುವುದಿಲ್ಲ. ಹುಳಕ್ಕೂ ಬೂಷ್ಟಿಗೂ ಸಂಬಂಧವಿಲ್ಲವೇ? ಹುಳ ಕೊರೆದ ತೂತೇ ಬೂಷ್ಟಿಗೆ ಬಾಗಿಲು. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳು ತೆನೆಗೂ ಇಳಿಯುತ್ತದೆ. ಬೂಷ್ಟು ಹಿಡಿದರೆ ರೇಟು ಬೀಳುತ್ತದೆ, ಅಷ್ಟೇ ತಾನೇ? 1974ರಲ್ಲಿ ರಾಜಸ್ಥಾನದ ಬಾಂಸ್ವಾಡ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಕಾಲವಲ್ಲದ ಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು.

ಒಂದು ಜೀನಿನ ಮೋಹ ಮೆಕ್ಕೆಜೋಳಕ್ಕೇ ನಿಲ್ಲುವುದಿಲ್ಲ. ಬೊಜ್ಜಿನ ಜೀನ್ ಪತ್ತೆ, ಸಿಟ್ಟಿನ ಜೀನ್ ಪತ್ತೆ, ಜಾಣತನದ ಜೀನ್ ಪತ್ತೆ! ಇಂಥ ತಲೆಬರಹ ಓದಿ ಬೆಳೆದವರಿಗೆ ‘ಶೇಕಡಾ ಇಷ್ಟು ಕಡಿಮೆ’ ಎಂಬ ಉತ್ತರ ಸೋಲಿನಂತೆ ಕೇಳಿಸುತ್ತದೆ. ಅವರ ಪ್ರಕಾರ ಬೀಜ ಮಂತ್ರದಂತೆ ಕೆಲಸ ಮಾಡಬೇಕು, ಇಲ್ಲವಾದರೆ ಮೋಸ. ದಾವಣಗೆರೆ, ರಾಣೆಬೆನ್ನೂರು ಕಡೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಡಾಂಬರು ರಸ್ತೆಯ ಮೇಲೆ ಹರವಿದ ಕಾಳು ಅಲ್ಲೇ ನೆನೆಯುತ್ತದೆ. ಆಗಲೂ ‘ಹೊಸ ತಳಿ ಯಾವಾಗ ಬರುತ್ತೆ?’ ಎಂದು ಕೇಳುವವರೇ ಹೆಚ್ಚು. ಊರಿಗೊಂದು ಒಣಗಿಸುವ ಯಂತ್ರ ಕೇಳುವವರು ಬೆರಳೆಣಿಕೆಯಷ್ಟು.