ಗುಲಾಬಿ ಬಳ್ಳಿಯಾದದ್ದು ಹೇಗೆ?

"ಸರ್, ನರ್ಸರಿಯಿಂದ ಕೆಂಪು ಗುಲಾಬಿ ತಂದಿದ್ವಿರಿ. ಎರಡ ವರ್ಷಕ್ಕ ಬರೇ ಬಳ್ಳಿ ಆತು, ಹೂವ ಇಲ್ಲ."

ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಪಾಲಕರಿಂದ ಮೇಲಿಂದ ಮೇಲೆ ಕೇಳುವ ದೂರಿದು. ನರ್ಸರಿಯವರನ್ನು ಬೈಯುವ ಮೊದಲು ಗಿಡದ ಬುಡವನ್ನೊಮ್ಮೆ ನೋಡಬೇಕು.

ನಾವು ಕೊಳ್ಳುವ ಗುಲಾಬಿ ಸಾಮಾನ್ಯವಾಗಿ ಎರಡು ಗಿಡ ಕೂಡಿದ್ದು. ಕೆಳಗಿನದು ಗಟ್ಟಿ ಬೇರಿನ ಕಾಡುಜಾತಿ. ಅದರ ತೊಗಟೆ ಸೀಳಿ, ಬೇಕಾದ ಬಣ್ಣದ ಗುಲಾಬಿಯ ಒಂದು ಕಣ್ಣನ್ನು ಅಲ್ಲಿ ಕೂಡಿಸಿರುತ್ತಾರೆ. ಇದೇ ಕಣ್ಣುಕಸಿ. ಇದಕ್ಕೆ ಹೆಚ್ಚಾಗಿ ಬಳಸುವ ಕಾಡುಜಾತಿಗಳಲ್ಲಿ ಒಂದು, ಜಪಾನ್, ಕೊರಿಯಾ, ಚೀನಾ ಮೂಲದ ರೋಸಾ ಮಲ್ಟಿಫ್ಲೋರಾ. (ದಕ್ಷಿಣ ಭಾರತದ ಸ್ವಂತ ಕಾಡುಗುಲಾಬಿಯೂ ಒಂದಿದೆ, ರೋಸಾ ಲೆಶನಾಲ್ಟಿಯಾನಾ. ಅದು ನೀಲಗಿರಿ, ಪಳನಿಯ ತಂಪಿನ ಗಿಡ.) ಬೇಸಿಗೆಯಲ್ಲಿ ಮೇಲಿನ ಗಿಡ ಸೊರಗಿದಾಗ ಕೆಳಗಿನದು ಚಿಗುರುತ್ತದೆ, ಬೇರಿನ ಆಹಾರವನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ.

ಗುರುತಿಸುವುದು ಹೇಗೆ? ಎಲೆಯಲ್ಲಿ ಏಳು ಕಿರುಎಲೆಗಳಿದ್ದರೆ ಕಾಡುಗಿಡ ಎಂದು ಹೇಳುವವರುಂಟು. ಇದನ್ನು ಪೂರ್ತಿ ನಂಬಬೇಡಿ, ಕೆಲವು ಕಸಿ ಗುಲಾಬಿಗಳಿಗೂ ಏಳಿರುತ್ತವೆ. ಮಲ್ಟಿಫ್ಲೋರಾದ ಎಲೆತೊಟ್ಟಿನ ಬುಡದಲ್ಲಿ ಬಾಚಣಿಗೆಯಂತೆ ಸೀಳಿದ ಅಂಚು ಕಾಣುತ್ತದೆ. ಹೂ ಚಿಕ್ಕದು, ಬಿಳಿ, ಐದೇ ಎಸಳು, ಗೊಂಚಲು ಗೊಂಚಲು. ಎಲ್ಲಕ್ಕಿಂತ ಖಾತ್ರಿ ಪರೀಕ್ಷೆ ಮಣ್ಣು ಸರಿಸಿ ನೋಡುವುದು: ಕಸಿಯ ಗಂಟಿಗಿಂತ ಕೆಳಗೆ ಹುಟ್ಟಿದ ಚಿಗುರು ಕಾಡಿನದು. ಗಂಟಿನ ಮೇಲಿನ ಗಿಡಕ್ಕೆ ಇನ್ನೂ ಜೀವವಿದ್ದರೆ ಆ ಚಿಗುರನ್ನು ಹುಟ್ಟಿದ ಜಾಗದಿಂದಲೇ ಕಿತ್ತುಹಾಕಿ. ಮೇಲೆ ಕತ್ತರಿಸಿದರೆ ಒಂದಕ್ಕೆ ನಾಲ್ಕಾಗುತ್ತದೆ.

ಮೇಲಿನದು ಸತ್ತೇ ಹೋಗಿದ್ದರೆ ಬಳ್ಳಿಯನ್ನು ಬೇಲಿಗೆ ಹಬ್ಬಿಸಬಹುದು. ಗುಲಾಬಿಗೆ ಸೋರೆಬಳ್ಳಿಯಂತೆ ಹಿಡಿತಂತು ಇಲ್ಲ. ಕಾಡಿನಲ್ಲಿ ಕೊಕ್ಕೆಮುಳ್ಳನ್ನು ಪೊದೆಗಳಿಗೆ ಸಿಕ್ಕಿಸಿಕೊಂಡು ಏರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಕಟ್ಟಲೇಬೇಕು. ಅಡ್ಡಲಾಗಿ ಬಗ್ಗಿಸಿ ಕಟ್ಟಿ. ತುದಿಮೊಗ್ಗಿನಲ್ಲಿ ಹುಟ್ಟುವ ಆಕ್ಸಿನ್ ಕೆಳಗಿನ ಮೊಗ್ಗುಗಳನ್ನು ತಡೆದಿರುತ್ತದೆ. ಕೊಂಬೆ ಬಗ್ಗಿದಾಗ ಆ ತಡೆ ಸಡಿಲಾಗಿ ಉದ್ದಕ್ಕೂ ಚಿಗುರೊಡೆಯುತ್ತದೆ. ಹತ್ತನೆಯ ತರಗತಿಯವರು ಪುಸ್ತಕದಲ್ಲಿ ಓದುವ ಆಕ್ಸಿನ್ ಇದೇ!

ಹೂ ಬರುವುದು ಹಿಂದಿನ ವರ್ಷದ ಕೊಂಬೆಯ ಮೇಲೆ, ವರ್ಷಕ್ಕೊಂದೇ ಸಲ. ಆದ್ದರಿಂದ ಹೂ ಮುಗಿದ ಮೇಲಷ್ಟೇ ಸವರಿ. ಎರೆಮಣ್ಣಾದರೆ ನೀರು ನಿಲ್ಲದಂತೆ ಮರಳು, ಸಗಣಿಗೊಬ್ಬರ ಬೆರೆಸಿ.

ಬಿಳಿ ಹೂ ಬೇಡವೆನ್ನುವವರು ಗಿಡ ಕೀಳಬೇಡಿ. ಬೇರು ಗಟ್ಟಿಯಾಗಿದೆ. ನೆರೆಮನೆಯ ಕೆಂಪು ಗುಲಾಬಿಯಿಂದ ಒಂದು ಕಣ್ಣು ಕೇಳಿ ತಂದು, ಪೆನ್ಸಿಲ್ ದಪ್ಪದ ಕೊಂಬೆಗೆ ನಿಮ್ಮ ಮಗನೋ ಮಗಳೋ ಕಸಿ ಕಟ್ಟಲಿ. ಎರಡು-ಮೂರು ವಾರದ ನಂತರವೂ ಕಣ್ಣು ಹಸಿರಾಗಿದ್ದರೆ ಅದು ಹಿಡಿದಂತೆ.