ವಾಹನದ ಅಸಹಜ ಶಬ್ದ: ಗುರುತಿಸುವ ಬಗೆ



ಮೊಳೆ ಅಥವಾ ತಂತಿ ನುಂಗಿದ ಹಸು ಇಳಿಜಾರಿನಲ್ಲಿ ಇಳಿಯುವಾಗ ನರಳುತ್ತದೆ, ಏರು ಹತ್ತುವಾಗ ಅಷ್ಟಾಗಿ ನರಳುವುದಿಲ್ಲ. ಆದ್ದರಿಂದಲೇ ಪಶುವೈದ್ಯರು "ನರಳುತ್ತದೆಯೇ" ಎಂದಷ್ಟೇ ಕೇಳದೆ "ಯಾವಾಗ ನರಳುತ್ತದೆ" ಎಂದು ವಿಚಾರಿಸುತ್ತಾರೆ. ಹಾಲಿನ ಕ್ಯಾನು, ಪಶು ಆಹಾರದ ಮೂಟೆ, ಕೆಲವೊಮ್ಮೆ ಕರುಗಳನ್ನೂ ಸಾಗಿಸುವ ನಮ್ಮ ಜೀಪು, ಪಿಕಪ್, ಓಮ್ನಿಗಳ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ.

ಈ ಪುಟದಲ್ಲಿ ವಾಹನದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಕರೆದ ಹಾಲು ಬೇಗ ಶೀತಲೀಕರಣ ಘಟಕ ಸೇರದಿದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ ಹಾಲು ಹುಳಿಯಾಗುತ್ತದೆ. ಕಳಸದ ದಾರಿಯಲ್ಲಿ ಒಂದು ಗಾಡಿ ನಿಂತುಹೋದರೆ ನಷ್ಟ ಒಬ್ಬರದಲ್ಲ, ಆ ದಾರಿಯ ಎಲ್ಲ ಉತ್ಪಾದಕರದು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಕೈಕೊಟ್ಟರೆ ಹೋಗುವುದು ಹಾಲು ಮಾತ್ರವಲ್ಲ. ಮೆಕ್ಯಾನಿಕ್ ಇರುವುದು ಹತ್ತಿಪ್ಪತ್ತು ಕಿ.ಮೀ. ದೂರದಲ್ಲಿ. ಆದ್ದರಿಂದ ಶಬ್ದ ಕೇಳಿದೊಡನೆ ತೀರ್ಮಾನಿಸಬೇಕಾದದ್ದು ಒಂದೇ: ಈ ಗಾಡಿಯನ್ನು ಪೇಟೆಯವರೆಗೆ ಓಡಿಸಬಹುದೇ, ಇಲ್ಲಿಯೇ ನಿಲ್ಲಿಸಬೇಕೇ?

ಮೊದಲು ಖಾಲಿ ಮಾಡಿ ನೋಡಿ

ಕ್ಯಾನಿನ ಮುಚ್ಚಳ, ಹಿಂಬದಿ ಹಲಗೆಯ ಸರಪಳಿ, ಸೀಟಿನಡಿಯ ಜಾಕು, ಪಾನಾ ಇವೆಲ್ಲ ಹೊಂಡದ ರಸ್ತೆಯಲ್ಲಿ ಮಾಡುವ ಗಲಾಟೆ ಕಡಿಮೆಯದಲ್ಲ. ಇವನ್ನು ಇಳಿಸಿ ಒಂದು ಸುತ್ತು ಓಡಿಸಿರಿ. ಶಬ್ದ ನಿಂತರೆ ಖರ್ಚು ಉಳಿಯಿತು.

ನಿಲ್ಲದಿದ್ದರೆ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್‌ನ ವೇಗ ಏರಿಸಿರಿ. ಶಬ್ದವೂ ಜೊತೆಯಲ್ಲಿ ಏರಿದರೆ ದೋಷ ಇಂಜಿನ್ ಅಥವಾ ಅದರ ಬೆಲ್ಟಿನ ಕಡೆ ಇದೆ. ನಿಂತಾಗ ಇಲ್ಲದೆ, ಓಡುವಾಗ ಮಾತ್ರ ವೇಗಕ್ಕೆ ತಕ್ಕಂತೆ ಬಂದರೆ ಚಕ್ರ, ಬೇರಿಂಗ್, ಟೈರು ಅಥವಾ ಹಿಂದಿನ ಆಕ್ಸಲ್ ಕಡೆ ನೋಡಬೇಕು. ಹೊಂಡಕ್ಕೆ ಬಿದ್ದಾಗ ಮಾತ್ರ "ದಡ್" ಎಂದರೆ ಸ್ಪ್ರಿಂಗ್ ಪ್ಲೇಟು, ಬುಷ್, ಶಾಕ್ ಅಬ್ಸಾರ್ಬರ್‌ಗಳಲ್ಲಿ ಹುಡುಕಬೇಕು. ಇಷ್ಟು ತಿಳಿದರೆ ಅರ್ಧ ರೋಗ ಪತ್ತೆಯಾದಂತೆ.

ಗಾಡಿ ನಿಲ್ಲಿಸಲೇಬೇಕಾದ ಶಬ್ದಗಳು

ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ "ಗರ್ರ್" ಎಂದರೆ ಪ್ಯಾಡ್ ಅಥವಾ ಲೈನರ್ ಪೂರ್ಣ ಸವೆದಿದೆ ಎಂದೇ ತಿಳಿಯಬೇಕು. ಘಾಟಿ ಇಳಿಯಲೇಬಾರದು. ಇದಕ್ಕೆ ಮುನ್ನ ಅನೇಕ ಗಾಡಿಗಳಲ್ಲಿ "ಕೀಂ" ಎಂಬ ತೆಳುವಾದ ಶಬ್ದ ಕೆಲವು ದಿನ ಬಂದಿರುತ್ತದೆ. ಪ್ಯಾಡ್ ತೆಳುವಾದಾಗ ಎಚ್ಚರಿಸಲೆಂದೇ ಅದರಲ್ಲಿ ಒಂದು ತಗಡನ್ನು ಇಟ್ಟಿರುತ್ತಾರೆ. ಆಗಲೇ ಬದಲಿಸಿದರೆ ಡಿಸ್ಕ್ ಉಳಿಯುತ್ತದೆ. ಆದರೆ ಮಳೆಗಾಲದ ಬೆಳಿಗ್ಗೆ ಮೊದಲ ನಾಲ್ಕಾರು ಬಾರಿ ಬ್ರೇಕ್ ಹಾಕಿದಾಗ ಕಿರುಗುಟ್ಟಿ ಆಮೇಲೆ ತಾನಾಗಿ ನಿಂತರೆ ಅದು ರಾತ್ರಿಯ ತೇವಕ್ಕೆ ಹಿಡಿದ ತುಕ್ಕು, ಗಾಬರಿ ಬೇಡ. ಜಲ್ಲಿ ರಸ್ತೆಯಲ್ಲಿ ಒಂದು ಸಣ್ಣ ಕಲ್ಲು ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿದರೆ ಬ್ರೇಕ್ ಒತ್ತದಿದ್ದರೂ ಭಯಂಕರ ಕಿರುಚಾಟ ಬರುತ್ತದೆ. ಸ್ವಲ್ಪ ಹಿಂದಕ್ಕೆ ತೆಗೆದರೆ ಬಹಳ ಸಲ ಉದುರುತ್ತದೆ.

ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಇಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಬೇಗ ಮುಗಿದು ಪೆಡಲ್ ಕಲ್ಲಾಗುತ್ತದೆ. ಏರು ಹತ್ತಿದ ಗೇರಿನಲ್ಲಿಯೇ ಇಳಿಯುವುದು ಕ್ಷೇಮ.

ಎರಡನೆಯದು, ಚಕ್ರದಿಂದ ದುಂಬಿ ಮೊರೆದಂತೆ ಬರುವ "ಗುಂಯ್" ಶಬ್ದ. ರಸ್ತೆ ನುಣುಪಾದೊಡನೆ ಬದಲಾದರೆ ಅದು ಟೈರಿನದು. ಬದಲಾಗದೆ, ಎಡಕ್ಕೆ ತಿರುಗಿದಾಗ ಹೆಚ್ಚಾದರೆ ಸಾಮಾನ್ಯವಾಗಿ ಬಲ ಚಕ್ರದ ಬೇರಿಂಗ್ ಕೆಟ್ಟಿರುತ್ತದೆ. ತಿರುವಿನಲ್ಲಿ ಭಾರ ಹೊರಗಿನ ಚಕ್ರದ ಮೇಲೆ ಬೀಳುವುದೇ ಕಾರಣ. ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ಜಾಕ್ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿರಿ. ಲೊಡಲೊಡ ಎಂದರೆ ಓಡಿಸಬೇಡಿ.

ಮೂರನೆಯದು, ಇಂಜಿನ್‌ನ ತಳಭಾಗದಿಂದ ಸುತ್ತಿಗೆಯಲ್ಲಿ ಬಡಿದಂತೆ ಬರುವ ದಪ್ಪ "ಡಗ್ ಡಗ್". ಆಯಿಲ್ ದೀಪವೂ ಹತ್ತಿದ್ದರೆ ಆ ಕ್ಷಣವೇ ಇಂಜಿನ್ ನಿಲ್ಲಿಸಿರಿ. ಮುಂದೆ ಓಡಿಸಿದ ಒಂದೊಂದು ಕಿಲೋಮೀಟರೂ ಇಂಜಿನ್‌ನ ಆಯುಷ್ಯವನ್ನು ತಿನ್ನುತ್ತದೆ. ಮೇಲ್ಭಾಗದಿಂದ ಬರುವ ಸಣ್ಣ "ಟಿಕ್ ಟಿಕ್" ಬೇರೆ. ಅದು ಹೆಚ್ಚಾಗಿ ಟ್ಯಾಪೆಟ್‌ನದು. ಆಯಿಲ್ ಕಡ್ಡಿ ನೋಡಿ, ಮಟ್ಟ ಸರಿಯಿದ್ದರೆ ನಿಧಾನವಾಗಿ ಪೇಟೆಗೆ ಒಯ್ಯಬಹುದು. ಡೀಸೆಲ್ ಗಾಡಿ ಚಳಿಯಲ್ಲಿ ಸ್ಟಾರ್ಟ್ ಆದಾಗ ಕಟಕಟ ಎನ್ನುವುದು ಅದರ ಸ್ವಭಾವ.

ಪೇಟೆಯವರೆಗೆ ತಡೆಯುವ ಶಬ್ದಗಳು

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ "ಕೀಚ್" ಎಂದರೆ ಬೆಲ್ಟ್ ಸಡಿಲ ಅಥವಾ ಒದ್ದೆ. ಹೆಡ್‌ಲೈಟ್ ಹಾಕಿದಾಗ ಹೆಚ್ಚಾದರೆ ಅನುಮಾನವೇ ಬೇಡ. ಬೆಲ್ಟ್ ಬಿರುಕು ಬಿಟ್ಟಿದ್ದರೆ ಮಾತ್ರ ಕೂಡಲೇ ಬದಲಿಸಬೇಕು. ಕೀಲಿ ತಿರುಗಿಸಿದಾಗ ಪಟಪಟ ಎಂದು ನಿಂತರೆ ಬ್ಯಾಟರಿ ಇಳಿದಿದೆ. ಒಂದೇ ಒಂದು "ಟಕ್" ಆದರೆ ಸ್ಟಾರ್ಟರ್ ಕಡೆ ನೋಡಿಸಿರಿ. ಕ್ಲಚ್ ಒತ್ತಿದಾಗ ಮಾತ್ರ ಬರುವ ಶಬ್ದ ಕ್ಲಚ್ ಬೇರಿಂಗಿನದು.

ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ "ಟಕ ಟಕ" ಎನ್ನುವುದು 1983ರಲ್ಲಿ ಬಂದ ಮಾರುತಿ 800ರಂತಹ, ಮುಂದಿನ ಚಕ್ರಗಳೇ ಎಳೆಯುವ ಕಾರುಗಳಲ್ಲಿ ಸಾಮಾನ್ಯ. ಆಕ್ಸಲ್ ತುದಿಯ ರಬ್ಬರ್ ಚೀಲ ಹರಿದು, ಕೆಸರು ಹೊಕ್ಕು, ಒಳಗಿನ ಜಾಯಿಂಟ್ ಸವೆದಿರುತ್ತದೆ. ಜೀಪು, ಪಿಕಪ್, ಓಮ್ನಿಗಳಲ್ಲಿ ಎಳೆಯುವುದು ಹಿಂದಿನ ಚಕ್ರ. ಅವುಗಳಲ್ಲಿ ಕ್ಲಚ್ ಬಿಟ್ಟೊಡನೆ ಅಡಿಯಿಂದ "ಟಣ್" ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿರುವ ಸಂಭವ ಹೆಚ್ಚು. ಇದನ್ನು ತಿಂಗಳುಗಟ್ಟಲೆ ಮುಂದೂಡಿದರೆ ಶಾಫ್ಟೇ ಕಳಚೀತು.

ಮೆಕ್ಯಾನಿಕರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಮುಟ್ಟಿಸಿ ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದನ್ನು ನೋಡಿರುತ್ತೀರಿ. ನಮ್ಮ ಸ್ಟೆತಾಸ್ಕೋಪಿನ ತತ್ವವೇ ಅದು. ತಾವೂ ಪ್ರಯತ್ನಿಸಬಹುದು, ಆದರೆ ಹೆಗಲ ಮೇಲಿನ ಟವೆಲನ್ನು ತೆಗೆದಿಟ್ಟು, ತಿರುಗುವ ಫ್ಯಾನು, ಬೆಲ್ಟಿನಿಂದ ದೂರವಿದ್ದು.

ಇನ್ನು ಅಡಿಯಿಂದ "ಭುರ್ರ್" ಎಂದು ಬರುವ ಸೈಲೆನ್ಸರ್ ಶಬ್ದವನ್ನು ಬಹಳ ಜನ ಕಡೆಗಣಿಸುತ್ತಾರೆ. ಗಾಡಿ ಓಡುತ್ತದೆ, ನಿಜ. ಆದರೆ ತೂತಾದ ಕೊಳವೆಯಿಂದ ಬರುವ ಹೊಗೆಯಲ್ಲಿ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಮಳೆಗೆಂದು ಗಾಜು ಏರಿಸಿದ ಓಮ್ನಿಯಲ್ಲಿ ಅದು ಒಳಗೆ ತುಂಬಿಕೊಂಡರೆ ತಲೆನೋವು, ಮಂಪರು ಬಂದು ಚಾಲಕ ಎಚ್ಚರ ತಪ್ಪಬಹುದು. ವೆಲ್ಡಿಂಗ್ ಮಾಡಿಸುವವರೆಗೆ ಎಷ್ಟೇ ಮಳೆಯಿದ್ದರೂ ಎರಡೂ ಬದಿಯ ಗಾಜುಗಳನ್ನು ತೆರೆದಿಟ್ಟೇ ಓಡಿಸಿರಿ.