ಬೆಟ್ಟ ಕಾಣಬೇಕು ಅನ್ನುವ ಕಾನೂನು

ಮೊಳಕಾಲ್ಮೂರು ಸೀಮೆಯಲ್ಲಿ ಭೂಗೋಳ ಕಲಿಸುವವನಿಗೆ ಕರಿಹಲಗೆಗಿಂತ ಜಟಿಂಗ ರಾಮೇಶ್ವರ ಬೆಟ್ಟವೇ ಅನುಕೂಲ. ಮಕ್ಕಳನ್ನು ಮೇಲೆ ಹತ್ತಿಸಿ, ಬ್ರಹ್ಮಗಿರಿ ಎಲ್ಲಿದೆ ತೋರಿಸಿ ಅನ್ನುತ್ತಿದ್ದೆ. ನಡುವೆ ಐದು ಕಿ.ಮೀ. ಆಸುಪಾಸು, ಅಷ್ಟೆ. ಈ ಎರಡೂ ಕಡೆ, ಪಕ್ಕದ ಸಿದ್ದಾಪುರದಲ್ಲೂ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದವು. ಮಳೆ ಬಿಟ್ಟ ಮರುದಿನ ಬ್ರಹ್ಮಗಿರಿಯ ಗುಂಡುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಮಾಗಿಯ ಬೆಳಿಗ್ಗೆ ಮಾತ್ರ ಬೆಟ್ಟ ಬೂದಿ ಬಳಿದ ಹಾಗೆ. ‘ಮಂಜು ಸಾರ್’ ಅನ್ನೋರು ಹುಡುಗರು. ಮಂಜಾದರೆ ಬಿಸಿಲೇರಿದ ಮೇಲೆ ಕರಗಬೇಕಲ್ಲ? ಹನ್ನೊಂದಾದರೂ ಕರಗದೆ ಉಳಿದದ್ದು ಹೊಗೆ, ದೂಳು.

ಕಣ್ಣಿಗೆ ಕಾಣುವ ದಪ್ಪ ದೂಳು ಬೇಗ ನೆಲಕ್ಕಿಳಿಯುತ್ತದೆ. ನೋಟ ಕೆಡಿಸುವುದು ಮೈಕ್ರಾನ್‌ಗಿಂತ ಚಿಕ್ಕ ಕಣಗಳು. ಬೆಳಕಿನ ಅಲೆಯಷ್ಟೇ ಗಾತ್ರದ ಇವು ಬೆಳಕನ್ನು ದಿಕ್ಕುದಿಕ್ಕಿಗೆ ಚೆದುರಿಸುತ್ತವೆ. ಬೆಟ್ಟದಿಂದ ನಮ್ಮ ಕಣ್ಣಿಗೆ ಬರಬೇಕಾದ ಬೆಳಕು ದಾರಿಯಲ್ಲೇ ಕಳೆದುಹೋಗುತ್ತದೆ, ಬರಬಾರದ ಬಿಸಿಲ ಬೆಳಕು ನಡುವೆ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಗಂಧಕದ ಕಣಗಳು ನೀರು ಕುಡಿದು ಊದಿಕೊಂಡು ಇನ್ನಷ್ಟು ಕಾಟ ಕೊಡುತ್ತವೆ. ಕಸ ಸುಟ್ಟ ಹೊಗೆ, ಡೀಸೆಲ್ ಮಸಿ, ಬೇಸಿಗೆಯಲ್ಲಿ ಹುಲ್ಲಿಗೆ ಬಿದ್ದ ಬೆಂಕಿ, ನೂರಾರು ಕಿಲೋಮೀಟರ್ ಆಚೆಯ ಚಿಮಣಿ, ಎಲ್ಲವೂ ಇದರಲ್ಲಿ ಪಾಲುದಾರರು. ಪುಪ್ಪುಸಕ್ಕೆ ಇಳಿಯುವುದೂ ಇವೇ ಕಣಗಳು. ಹಾಗಾಗಿ ಬೆಟ್ಟ ನೋಡುವ ಆಸೆಯನ್ನು ಬರೀ ಶೋಕಿ ಅನ್ನಬೇಡಿ.

ಅಮೆರಿಕದಲ್ಲಿ 1977ರಲ್ಲೇ ಕಾನೂನು ತಿದ್ದಿ, ದೊಡ್ಡ ರಾಷ್ಟ್ರೀಯ ಉದ್ಯಾನ, ವನ್ಯ ಪ್ರದೇಶಗಳಲ್ಲಿ ಮನುಷ್ಯ ಮಾಡಿದ ಮಬ್ಬು ಹೋಗಬೇಕು ಎಂದು ಬರೆದುಕೊಂಡರು. ಇಂಥ 156 ತಾಣಗಳು ಅಲ್ಲಿವೆ. ಸಹಜ ನೋಟ ಮರಳಿಸಲು ಇಟ್ಟುಕೊಂಡ ಗುರಿ ವರ್ಷ 2064. ನಿಧಾನವೇ, ಆದರೆ ಗುರಿ ಅಂತ ಒಂದಿದೆ. ನಮ್ಮಲ್ಲಿ 1981ರ ವಾಯು ಕಾಯ್ದೆಯಿದೆ. 2009ರ ರಾಷ್ಟ್ರೀಯ ಮಾನಕದಲ್ಲಿ, ಕೇಂದ್ರ ಸರ್ಕಾರ ಅಧಿಸೂಚಿಸಿದ ಪರಿಸರ ಸೂಕ್ಷ್ಮ ಪ್ರದೇಶಕ್ಕೆಂದೇ ಬೇರೆ ಕಾಲಂ ಇದೆ. ಗಂಧಕದ ಡೈಆಕ್ಸೈಡ್‌ನ ವಾರ್ಷಿಕ ಮಿತಿ ಬೇರೆ ಕಡೆ ಘನ ಮೀಟರಿಗೆ 50 ಮೈಕ್ರೋಗ್ರಾಂ ಆದರೆ ಅಲ್ಲಿ 20. ನೈಟ್ರೋಜನ್ ಡೈಆಕ್ಸೈಡ್ 40ರ ಬದಲು 30. ಸರಿ, ಪಿಎಂ 2.5, ಅಂದರೆ 2.5 ಮೈಕ್ರಾನ್‌ವರೆಗಿನ ಸಣ್ಣ ಕಣ, ಎಷ್ಟು? ಕಾರ್ಖಾನೆ ಬೀದಿಗೂ 40, ಕಾಡಿಗೂ 40. ನೋಟ ಕೆಡಿಸುವ ಕಣಕ್ಕೇ ವಿನಾಯಿತಿ! ಎಷ್ಟು ದೂರ ಕಾಣಬೇಕು ಅನ್ನುವ ಸಾಲಂತೂ ಇಲ್ಲವೇ ಇಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಅದು ಕಲ್ಲನ್ನು ಕಾಯುತ್ತದೆ, ದಿಗಂತವನ್ನಲ್ಲ.

ದೂಳೇಳುವ ನೆಲಕ್ಕೂ ಎಲ್ಲೆಡೆ ಒಂದೇ ರಕ್ಷಣೆಯಿಲ್ಲ. ನೆರೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳ ಅಭಯಾರಣ್ಯವಾಯಿತು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಿಗೆ, ಅಂದರೆ ಅಲ್ಲಿನ ಹುಲ್ಲುಗಾವಲುಗಳಿಗೆ, ಆ ಪಟ್ಟ ಸಿಗಲಿಲ್ಲ. ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋಯಿತು. ಮರವಿಲ್ಲದ ನೆಲವೆಂದು ಪಾಳು ಅಂದವರೇ ಹೆಚ್ಚು. ಮಳೆಯೇ ಅಪರೂಪವಾದ ಈ ಕಡೆ ಮಣ್ಣು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ನಾಯಕನಹಟ್ಟಿ ಕಡೆ ದೇವರ ಎತ್ತು ಕಾಯುವ ಕಿಲಾರಿಯೊಬ್ಬರನ್ನು, ಗಾಳಿ ಬದಲಾಗಿದೆಯಾ ಅಜ್ಜ ಅಂತ ಕೇಳಿದ್ದೆ. ‘ಗಾಳಿ ಅದೇ ಐತೆ ಮೇಷ್ಟ್ರೇ, ನೆಲ ಬರಿದಾಗೈತೆ. ಅದ್ಕೇ ಕಣ್ಣಿಗೆ ಮಣ್ಣು ಬಡಿತೈತೆ’ ಅಂದರು. ದೂಳಿನ ಮೂಲದ ಬಗ್ಗೆ ಇದಕ್ಕಿಂತ ಚೊಕ್ಕ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅದೇ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಹವಾಮಾನ ವೀಕ್ಷಣಾಲಯ ಗಾಳಿಯ ಕಣಗಳನ್ನು ಅಳೆಯುತ್ತಿದೆ. ಶಾಲೆಗಳಿಗೆ ಅಂಥ ಯಂತ್ರ ಬೇಕಿಲ್ಲ. ದೂರ ಗೊತ್ತಿರುವ ಮೂರು ಗುಡ್ಡ ಆರಿಸಿಕೊಳ್ಳಿ, ಒಂದು ಹತ್ತಿರ, ಒಂದು ನಡು, ಒಂದು ದೂರ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಿಂದ ಫೋಟೊ ತೆಗೆದು, ಯಾವುದು ಕಂಡಿತು, ಯಾವುದು ಕಾಣಲಿಲ್ಲ ಎಂದು ಹಾಜರಿ ಪುಸ್ತಕದಂತೆ ಬರೆದಿಡಿ. ಮುಂದೆ ಗಣಿಗೆಂದು ಸಾರ್ವಜನಿಕ ಅಹವಾಲು ಕರೆದಾಗ ಮೇಜಿನ ಮೇಲಿಡಲು ನಮ್ಮ ಹತ್ತಿರವೂ ಒಂದು ದಾಖಲೆ ಇರುತ್ತದೆ.